ಬೆಟ್ಟ ಯಾರ ಹೆಸರಲ್ಲಿದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಬೆಟ್ಟ ಗುಡ್ಡದ್ದೇ. ಊರು ಬೆಳೀತಾ ಬೆಳೀತಾ ಬೆಟ್ಟದ ಬುಡಕ್ಕೆ ಬಂದು ನಿಂತಿದೆ, ಇನ್ನು ಮೇಲಕ್ಕೂ ಹತ್ತತ್ತಾ ಅನ್ನೋ ಆತಂಕ ಎಲ್ಲರಲ್ಲೂ ಕಾಣ್ತು. ಹಾಗಾಗಿ ಬೇರೆ ವಿಷಯ ಎಲ್ಲಾ ಮುಂದಿನ ಸಂಚಿಕೆಗೆ ತಳ್ಳಿದೀವಿ. ಹೆಸರು ಹಾಕ್ಬೇಡಿ ಅಂತ ಕೆಲವರು ಕೇಳ್ಕೊಂಡಿದ್ರು, ಅದಕ್ಕೆ ಯಾರದ್ದೂ ಹಾಕಿಲ್ಲ, ಊರು ಮಾತ್ರ ಹಾಕಿದೀವಿ.

ಪ್ರಶ್ನೆ (ಮೈಸೂರು): ಸರ್, ಚಾಮುಂಡಿ ಬೆಟ್ಟ ಮೀಸಲು ಅರಣ್ಯ ಅಂತ ಚಿಕ್ಕವರಿದ್ದಾಗಿಂದ ಬೋರ್ಡ್ ನೋಡ್ಕೊಂಡೇ ಬೆಳೆದಿದೀವಿ. ಆದ್ರೂ ಮೇಲೆ ಕಟ್ಟಡ ಏಳ್ತಾನೇ ಇದೆ, ಕೆಳಗೆ ಬಡಾವಣೆಗಳು ಬೆಟ್ಟಕ್ಕೆ ಅಂಟ್ಕೊಂಡೇ ಬಂದಿವೆ. ಫಾರೆಸ್ಟ್ ಅಂದ್ಮೇಲೆ ಇದು ಹೇಗೆ ಸಾಧ್ಯ?

ಉತ್ತರ: ಕೆಳಗಿಂದ ನೋಡೋರಿಗೆ ಬೆಟ್ಟ ಒಂದೇ. ಕಡತದಲ್ಲಿ ಅದು ಒಂದಲ್ಲ, ಬೇರೆ ಬೇರೆ ಸರ್ವೆ ನಂಬರು, ಬೇರೆ ಬೇರೆ ಯಜಮಾನರು. ಇಳಿಜಾರಿನ ಬಹುಭಾಗ ಮೀಸಲು ಅರಣ್ಯ ಅನ್ನೋದು ನಿಜ, ಆದ್ರೆ ತುದಿಯಲ್ಲಿ ಒಂದು ಊರಿದೆ, ಆ ಊರಿಗೆ ಗ್ರಾಮ ಪಂಚಾಯಿತಿ ಇದೆ, ದೇವಸ್ಥಾನದ ಜಾಗ ಇದೆ, ರಸ್ತೆ ಇದೆ, ಬುಡದಲ್ಲಿ ಖಾಸಗಿ ಹಿಡುವಳಿ ಇದೆ. ನೀವು ನೋಡೋ ಆ ಫಾರೆಸ್ಟ್ ಬೋರ್ಡು ಅರಣ್ಯದ ಗಡಿಕಲ್ಲಿನ ಒಳಗೆ ಇರೋದನ್ನ ಮಾತ್ರ ಕಾಯತ್ತೆ, ಗಡಿಕಲ್ಲಿನಿಂದ ಒಂದು ಮಾರು ಆಚೆ ಬೇರೆ ಕಾನೂನು, ಬೇರೆ ಆಫೀಸು, ಬೇರೆ ಸಹಿ.

ಇನ್ನೊಂದು ವಿಷಯ ಇದೆ, ಅದನ್ನ ಯಾರೂ ಗಮನಿಸಲ್ಲ. ಬೆಟ್ಟದ ಮೇಲೆ ಬರೋ ಕಾಮಗಾರಿ ಯಾವುದೂ ದೊಡ್ಡದಾಗಿ ಬರಲ್ಲ. ಈ ವರ್ಷ ಪಾರ್ಕಿಂಗು, ಮುಂದಿನ ವರ್ಷ ಕ್ಯೂ ನಿಲ್ಲೋ ಶೆಡ್ಡು, ಆಮೇಲೆ ಶೌಚಾಲಯ, ಆಮೇಲೆ ಅಂಗಡಿ ಮಳಿಗೆ. ಒಂದೊಂದಾಗಿ ನೋಡಿದ್ರೆ ಭಕ್ತರಿಗೆ ಬೇಕೇ ಬೇಕಲ್ವಾ ಅನ್ಸತ್ತೆ, ಬೇಡ ಅನ್ನೋಕೆ ಬಾಯಿ ಬರಲ್ಲ. ಆದ್ರೆ ಎಲ್ಲಾ ಸೇರಿ ಬೆಟ್ಟದ ನೆತ್ತಿಯಲ್ಲಿ ಎಷ್ಟು ಕಾಂಕ್ರೀಟ್ ಬಿತ್ತು, ಆ ಕಾಂಕ್ರೀಟ್ ಮೇಲೆ ಬಿದ್ದ ಮಳೆ ನೀರು ಯಾವ ಕಡೆ ಇಳೀತು, ಆ ಇಳಿಜಾರು ಅಷ್ಟು ನೀರು ತಡ್ಕೊಳ್ಳತ್ತಾ ಅನ್ನೋ ಒಟ್ಟು ಲೆಕ್ಕ ಯಾರ ಟೇಬಲ್ ಮೇಲೂ ಇರಲ್ಲ. 2021ರ ಅಕ್ಟೋಬರ್ ಮಳೆಗೆ ನಂದಿ ವಿಗ್ರಹದ ಕಡೆ ಹೋಗೋ ರಸ್ತೆ ಕುಸಿದಿದ್ದು ಮೈಸೂರಿನೋರಿಗೆ ಹೇಳ್ಬೇಕಾಗಿಲ್ಲ. ನಮ್ಮ ಕಡೆ ಬೆಟ್ಟಗಳು ಅಂದ್ರೆ ಒಳಗೆ ಗಟ್ಟಿ ಬಂಡೆ, ಅದರ ಮೇಲೆ ಸವೆದು ಪುಡಿಯಾದ ಮಣ್ಣಿನ ಪದರ, ಆ ಪದರವನ್ನ ಹಿಡ್ಕೊಂಡಿರೋ ಬೇರು. ಮೊದಲೆಲ್ಲಾ ಮಳೆ ನೀರು ಬೆಟ್ಟದ ತುಂಬಾ ಹರಡ್ಕೊಂಡು ಸಣ್ಣ ಸಣ್ಣ ಹಳ್ಳದಲ್ಲಿ ಇಳಿದು ಹೋಗ್ತಿತ್ತು. ರಸ್ತೆ ಅಗಲ ಮಾಡೋಕೆ ಇಳಿಜಾರು ಕಡಿದು, ಚರಂಡಿ ಕಟ್ಟಿ, ಎಲ್ಲಾ ನೀರನ್ನ ಒಂದೇ ಮೋರಿಗೆ ತಿರುಗಿಸಿದ್ರೆ ಆ ಒಂದು ಜಾಗದಲ್ಲಿ ಮಣ್ಣು ನೀರು ಕುಡಿದು ಭಾರ ಆಗತ್ತೆ, ಬಂಡೆಯಿಂದ ಜಾರತ್ತೆ. ತಡೆಗೋಡೆ ಕಟ್ಟಿದ್ರೂ ಅಷ್ಟೇ, ಗೋಡೆ ಹಿಂದೆ ನಿಂತ ನೀರಿಗೆ ಹೊರಗೆ ಬರೋಕೆ ದಾರಿ ಇಲ್ದಿದ್ರೆ ಗೋಡೆನೂ ಸೇರಿಸ್ಕೊಂಡೇ ಬರತ್ತೆ.

ಹಾಗಂತ ಎಲ್ಲಾ ಕೈಮೀರಿದೆ ಅಂತಲ್ಲ. ರೋಪ್‌ವೇ ಮಾಡ್ತೀವಿ ಅಂತ ಹೊರಟಿದ್ದನ್ನ 2022ರಲ್ಲಿ ಜನರ ವಿರೋಧ ನೋಡಿ ಕೈಬಿಟ್ರು. ನೀವು ಮೈಸೂರಿನೋರು ಕೇಳ್ಬೇಕಾಗಿರೋದು ಒಂದೇ: ಹೊಸ ಕಾಮಗಾರಿ ಯಾವುದೇ ಬರಲಿ, ಇದುವರೆಗೆ ಆಗಿರೋದರ ಒಟ್ಟು ಲೆಕ್ಕ ಮೊದಲು ಮುಂದಿಡಿ ಅಂತ. ಪಾರ್ಕಿಂಗ್ ಬೆಟ್ಟದ ಕೆಳಗೇ ಮಾಡಿ ಬಸ್ಸಲ್ಲಿ ಮೇಲೆ ಕರ್ಕೊಂಡು ಹೋದ್ರೆ ಭಕ್ತಿಗೇನೂ ಕಮ್ಮಿ ಆಗಲ್ಲ. ದೊಡ್ಡ ದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು ಇನ್ನೂ ಗಟ್ಟಿಯಾಗೇ ಇದೆ, ಹತ್ತೋರು ಹತ್ತಲಿ ಬಿಡಿ.

ಪ್ರಶ್ನೆ (ಬೆಂಗಳೂರು): ಕನಕಪುರ ರಸ್ತೆ ಕಡೆ ಬೆಟ್ಟದ ಬುಡದಲ್ಲಿ ಹತ್ತು ಗುಂಟೆ ಫಾರ್ಮ್ ಪ್ಲಾಟ್ ನೋಡಿದೀವಿ ಮೇಡಂ. ಹಿಂದೆ ಪೂರ್ತಿ ಕಾಡು, ವ್ಯೂ ಸೂಪರ್ ಇದೆ. ಕ್ಲಬ್ ಹೌಸ್, ಒಳಗೆ ಟಾರ್ ರಸ್ತೆ ಎಲ್ಲಾ ಮಾಡಿದಾರೆ. ರಿಜಿಸ್ಟ್ರೇಶನ್ ಆಗತ್ತಂತೆ, ಹಿಂದೆ ಫಾರೆಸ್ಟ್ ಇರೋದ್ರಿಂದ ಮುಂದೆ ಯಾರೂ ಕಟ್ಟಲ್ಲ ಅಂತ ಏಜೆಂಟ್ ಹೇಳ್ತಾರೆ. ತಗೋಬಹುದಾ?

ಉತ್ತರ: ಅವರ ಮಾತಿನ ಕೊನೇ ಭಾಗ ನಂಗೆ ತುಂಬಾ ಇಷ್ಟ ಆಯ್ತು, ಹಿಂದೆ ಯಾರೂ ಕಟ್ಟಬಾರದು ಆದ್ರೆ ನೀವು ಮಾತ್ರ ಕಟ್ಟಬಹುದು ಅಂತ. ನಿಮ್ಮ ಮುಂದಿನ ಸಾಲಿನ ಪ್ಲಾಟ್ ತಗೊಂಡೋರಿಗೂ ಇದನ್ನೇ ಹೇಳಿರ್ತಾರೆ.

ಮೊದಲು ಈ ಫಾರ್ಮ್ ಪ್ಲಾಟ್ ಕಥೆ ಕೇಳಿ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಯ್ತು, ಕೃಷಿಕರಲ್ಲದವರೂ ಕೃಷಿ ಜಮೀನು ತಗೋಬಹುದು ಅಂತ ಆಯ್ತು. ಅಲ್ಲಿಂದ ಬೆಂಗಳೂರು ಸುತ್ತ ಬೆಟ್ಟದ ಬುಡದ ಜಮೀನುಗಳು ಗುಂಟೆ ಲೆಕ್ಕದಲ್ಲಿ ಹಂಚಿಹೋಗೋಕೆ ಶುರು ಆಯ್ತು. ಆದ್ರೆ ರಿಜಿಸ್ಟ್ರೇಶನ್ ಆಗೋದು ಬೇರೆ, ಮನೆ ಕಟ್ಟೋ ಹಕ್ಕು ಬರೋದು ಬೇರೆ. ಜಮೀನು ಕೃಷಿ ಜಮೀನಾಗೇ ಇದ್ರೆ ಅದರಲ್ಲಿ ನಿಮ್ಮ ಸ್ವಂತ ವ್ಯವಸಾಯಕ್ಕೆ ಅಂತ ತೋಟದ ಮನೆ ಕಟ್ಟಬಹುದು, ಅದೂ ಹಿಡುವಳಿಯ ಶೇಕಡ 10ರ ಒಳಗೆ. ಅದಕ್ಕಿಂತ ಮೇಲೆ ಹೋದ್ರೆ ಭೂ ಕಂದಾಯ ಕಾಯ್ದೆ 95ನೇ ಸೆಕ್ಷನ್ ಪ್ರಕಾರ ಪರಿವರ್ತನೆ ಬೇಕು, ಅದನ್ನೇ ನಾವು ಡಿಸಿ ಕನ್ವರ್ಷನ್ ಅನ್ನೋದು. ಆಮೇಲೆ ಯೋಜನಾ ಪ್ರಾಧಿಕಾರದಿಂದ ಲೇಔಟ್ ಅಪ್ರೂವಲ್ ಬೇಕು. ಟಾರ್ ರಸ್ತೆ, ಗೇಟು, ಕ್ಲಬ್ ಹೌಸ್ ಇದೆ ಅಂದ ಮಾತ್ರಕ್ಕೆ ಅದು ಲೇಔಟ್ ಆಗಲ್ಲ.

ಈಗ ನೋಡ್ಬೇಕಾದ ದಾಖಲೆಗಳಿಗೆ ಬರ್ತೀನಿ. ಪ್ಲಾಟ್ ಮೇಲೆ ನಿಂತ್ಕೊಂಡು ಫೋನಲ್ಲಿ ದಿಶಾಂಕ್ ಆ್ಯಪ್ ತೆಗೀರಿ, ನೀವು ನಿಂತಿರೋ ಜಾಗದ ಸರ್ವೆ ನಂಬರ್ ತೋರ್ಸತ್ತೆ. ಏಜೆಂಟ್ ಕೊಟ್ಟ ಕಾಗದದಲ್ಲಿರೋ ನಂಬರ್ ಅದೇನಾ ನೋಡಿ, ನಂಬಿದ್ರೆ ನಂಬಿ, ಇಲ್ಲೇ ಎಷ್ಟೋ ವ್ಯವಹಾರ ಮುಗಿದು ಹೋಗತ್ತೆ. ನಂಬರ್ ಸರಿ ಇದ್ರೆ ಪಹಣಿ ತೆಗೆಸಿ, ಖರಾಬು, ಅಂದ್ರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ, ಅದು ಎ ಖರಾಬೋ ಬಿ ಖರಾಬೋ ನೋಡಿ. ಬಿ ಖರಾಬು ಅಂದ್ರೆ ಹಳ್ಳ, ದಾರಿ, ಸ್ಮಶಾನ ಈ ಥರ ಸಾರ್ವಜನಿಕರಿಗೆ ಬಿಟ್ಟ ಜಾಗ, ಅದು ಮಾರಾಟಕ್ಕೆ ಬರೋದೇ ಇಲ್ಲ. ಬೆಟ್ಟದ ಬುಡದಲ್ಲಿ ಹಳ್ಳ ಇಲ್ದೇ ಇರೋ ಸರ್ವೆ ನಂಬರ್ ಸಿಗೋದೇ ಕಷ್ಟ, ಗ್ರಾಮ ನಕ್ಷೆಯಲ್ಲಿ ಹಳ್ಳ ಇದ್ದು ಜಾಗದ ಮೇಲೆ ಕಾಣ್ಲಿಲ್ಲ ಅಂದ್ರೆ ಅದನ್ನ ಮುಚ್ಚಿದಾರೆ ಅಂತ ಅರ್ಥ, ಮಳೆಗಾಲದಲ್ಲಿ ಆ ನೀರು ಹಳೇ ದಾರಿ ಹುಡುಕ್ಕೊಂಡು ನಿಮ್ಮ ಹಾಲ್‌ಗೇ ಬರತ್ತೆ.

ಹೊಸ ಕಂಪ್ಯೂಟರ್ ಪಹಣಿ ಒಂದೇ ನೋಡಿದ್ರೆ ಸಾಲದು. ಹಳೇ ಕೈಬರಹದ ಪಹಣಿ ನಕಲು ತೆಗೆಸಿ, ಆ ಜಮೀನು ಮೊದಲು ಯಾರದ್ದಾಗಿತ್ತು ನೋಡಿ. ಅದರಲ್ಲಿ ಸರ್ಕಾರಿ ಬೆಟ್ಟ, ಗೋಮಾಳ, ಕಾಡು ಅಂತ ಇದ್ದು ಆಮೇಲೆ ಯಾರದ್ದೋ ಹೆಸರಿಗೆ ಬಂದಿದ್ರೆ ಯಾವ ಮಂಜೂರಾತಿ ಆದೇಶದಿಂದ ಬಂತು ಅನ್ನೋ ಮೂಲ ಕಡತ ಬೇಕೇ ಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ರೆ ಅಂಥ ಜಮೀನು ಬೇರೆಯವರ ಕೈಗೆ ಹೋಗೋದನ್ನ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ದೆ ಆದ ಮಾರಾಟ ಉಳಿಯಲ್ಲ. ಆಮೇಲೆ ಅರಣ್ಯ ಇಲಾಖೆಗೆ ಹೋಗಿ, ವಲಯ ಅರಣ್ಯಾಧಿಕಾರಿ ಕಚೇರಿಗೋ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಗೋ ಸರ್ವೆ ನಂಬರ್ ಬರೆದು ಅರ್ಜಿ ಕೊಡಿ, ಇದರ ಮೇಲೆ ಅರಣ್ಯ ಕಾಯ್ದೆಯ 4ನೇ ಅಥವಾ 17ನೇ ಸೆಕ್ಷನ್ ಅಧಿಸೂಚನೆ ಇದೆಯಾ, ಡೀಮ್ಡ್ ಫಾರೆಸ್ಟ್ ಪಟ್ಟಿಯಲ್ಲಿ ಇದೆಯಾ ಅಂತ (ಇವೆಲ್ಲಾ ಏನು ಅನ್ನೋದು ಮುಂದಿನ ಪ್ರಶ್ನೆಯಲ್ಲಿದೆ). ಉತ್ತರ ಕಾಗದದಲ್ಲಿ ಬರ್ಬೇಕು, ಬಾಯಿ ಮಾತಲ್ಲಿ ಏನೂ ಇಲ್ಲ ಬಿಡಿ ಸಾರ್ ಅಂದಿದ್ದು ನಾಳೆ ಕೋರ್ಟಲ್ಲಿ ನಿಲ್ಲಲ್ಲ.

ನಿಮ್ಮ ಭಾಗಕ್ಕೆ ಇನ್ನೊಂದು ಇದೆ, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಪರಿಸರ ಸೂಕ್ಷ್ಮ ವಲಯ, ಅಂದ್ರೆ ಉದ್ಯಾನದ ಸುತ್ತ ಕಟ್ಟೋದು, ಕಲ್ಲು ತೆಗೆಯೋದಕ್ಕೆಲ್ಲಾ ನಿರ್ಬಂಧ ಇರೋ ಪಟ್ಟಿ. 2016ರ ಕರಡಿನಲ್ಲಿ ಅದು 268.96 ಚದರ ಕಿಲೋಮೀಟರ್ ಇತ್ತು, 2020ರ ಮಾರ್ಚ್‌ನ ಅಂತಿಮ ಅಧಿಸೂಚನೆ ಹೊತ್ತಿಗೆ 168.84ಕ್ಕೆ ಇಳೀತು. ಹಾಗೆ ಕಡಿಮೆ ಮಾಡಿದ್ದಕ್ಕೆ ಜನ ಇನ್ನೂ ತಕರಾರು ಮಾಡ್ತಾನೇ ಇದಾರೆ, ಗೆರೆ ಇವತ್ತು ನಿಮ್ಮ ಪ್ಲಾಟಿನ ಹೊರಗೆ ಇದೆ ಅಂತ ಯಾವಾಗ್ಲೂ ಅಲ್ಲೇ ಇರತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಇಷ್ಟೆಲ್ಲಾ ಯಾಕೆ, ಬ್ಯಾಂಕ್ ಲೋನ್ ಕೊಡ್ತಿದೆ ಅಂದ್ರೆ ಸಾಕಲ್ವಾ ಅಂತ ಕೇಳೋರಿಗೆ ನಾನು ಹರಿಯಾಣದ ಫರೀದಾಬಾದ್‌ನ ಕಾಂತ್ ಎನ್‌ಕ್ಲೇವ್ ಹೆಸರು ಹೇಳ್ತೀನಿ. ಅರಾವಳಿ ಬೆಟ್ಟದ ಸಾಲಲ್ಲಿ ಎದ್ದ ಕಾಲೊನಿ ಅದು. ಆ ಭೂಮಿಗೆ 1992ರ ಆಗಸ್ಟ್‌ನಲ್ಲೇ ಪಂಜಾಬ್ ಭೂ ಸಂರಕ್ಷಣಾ ಕಾಯ್ದೆ ಅಡಿಯಲ್ಲಿ ಅಧಿಸೂಚನೆ ಆಗಿತ್ತು, ಆದ್ರೂ ರಾಜ್ಯದ ಇಲಾಖೆಗಳೇ ಅನುಮತಿ ಕೊಡ್ತಾ ಹೋದ್ವು, ಜನ ದುಡ್ಡು ಹಾಕಿದ್ರು, ಮನೆ ಕಟ್ಟಿದ್ರು. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಅಧಿಸೂಚನೆ ಆದ್ಮೇಲೆ ಕಟ್ಟಿದ್ದನ್ನೆಲ್ಲಾ ಒಡೀರಿ ಅಂತ ಹೇಳ್ತು. ತಗೊಂಡೋರಿಗೆ ಹಣ ವಾಪಸ್ ಕೊಡಿ ಅಂತಾನೂ ಹೇಳ್ತು ನಿಜ, ಆದ್ರೆ ಅಷ್ಟು ವರ್ಷದ ಅಲೆದಾಟ ಯಾರು ವಾಪಸ್ ಕೊಡ್ತಾರೆ?

ತಗೋಬೇಕಾ ಬೇಡವಾ ಅಂದ್ರೆ, ನನ್ನನ್ನ ಕೇಳಿದ್ರೆ ಬೇಡ. ದಾಖಲೆ ಎಲ್ಲಾ ಸರಿ ಇದ್ರೂ ಬೇಡ ಅಂತೀನಿ. ಕಾಡಿಗೆ ಬೇಲಿ ಹಚ್ಕೊಂಡು ಮನೆ ಕಟ್ಟಿ, ಆಮೇಲೆ ಚಿರತೆ ಬಂತು ಅಂತ ಬೋನು ಇಡೋಕೆ ಅರಣ್ಯ ಇಲಾಖೆಗೆ ಫೋನ್ ಮಾಡೋದು ನಂಗೆ ಸರಿ ಕಾಣಲ್ಲ.

ಪ್ರಶ್ನೆ (ಚಿಕ್ಕಬಳ್ಳಾಪುರ, ಡಿಗ್ರಿ ವಿದ್ಯಾರ್ಥಿನಿ): ರಿಸರ್ವ್ ಫಾರೆಸ್ಟ್, ಡೀಮ್ಡ್ ಫಾರೆಸ್ಟ್, ಸೆಕ್ಷನ್ 4 ಅಂತೆಲ್ಲಾ ಪೇಪರಲ್ಲಿ ಬರತ್ತೆ. ನೋಡೋಕೆ ಎಲ್ಲಾ ಕಾಡೇ ಅಲ್ವಾ ಮೇಡಂ, ವ್ಯತ್ಯಾಸ ಏನು?

ಉತ್ತರ: ಕಣ್ಣಿಗೆ ಕಾಡು, ಕಾಗದಕ್ಕೆ ಅಲ್ಲ, ಜಗಳ ಎಲ್ಲಾ ಇಲ್ಲೇ ಶುರು ಆಗೋದು. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಒಂದು ಜಾಗವನ್ನ ಮೀಸಲು ಅರಣ್ಯ ಮಾಡ್ಬೇಕು ಅಂದ್ರೆ ಮೊದಲು 4ನೇ ಸೆಕ್ಷನ್ ಅಡಿಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸ್ತಾರೆ. ಆಗ ಒಬ್ಬ ಅರಣ್ಯ ವ್ಯವಸ್ಥಾಪನಾಧಿಕಾರಿ ಬಂದು ಅಲ್ಲಿ ಯಾರ್ಯಾರ ಹಕ್ಕಿದೆ, ದನ ಮೇಯಿಸೋರು ಯಾರು, ದಾರಿ ಯಾರದ್ದು ಅಂತ ವಿಚಾರಣೆ ಮಾಡ್ಬೇಕು, ಅದು ಮುಗಿದ ಮೇಲೆ 17ನೇ ಸೆಕ್ಷನ್ ಅಡಿಯಲ್ಲಿ ಅಂತಿಮ ಅಧಿಸೂಚನೆ. ನಮ್ಮ ರಾಜ್ಯದಲ್ಲಿ ದಶಕಗಟ್ಟಲೆ 4ರಲ್ಲೇ ನಿಂತು 17ಕ್ಕೆ ಹೋಗದೇ ಇರೋ ಜಾಗಗಳು ಬೇಕಾದಷ್ಟಿವೆ. ಬೆಟ್ಟ ಕಳ್ಕೊಳ್ಳೋದು ಹೆಚ್ಚಾಗಿ ಈ ಮಧ್ಯದ ಸಂದಿಯಲ್ಲೇ, ಯಾಕಂದ್ರೆ ಕಂದಾಯ ಇಲಾಖೆ ಪಹಣಿಯಲ್ಲಿ ಅದಿನ್ನೂ ಗೋಮಾಳ, ಅರಣ್ಯ ಇಲಾಖೆ ಲೆಕ್ಕದಲ್ಲಿ ಕಾಡು, ಎರಡೂ ಇಲಾಖೆ ಜಂಟಿ ಸರ್ವೆ ಮಾಡೋ ಹೊತ್ತಿಗೆ ಮೂರನೆಯವನು ಬಂದು ಬೇಲಿ ಹಾಕಿರ್ತಾನೆ.

ಡೀಮ್ಡ್ ಅಂದ್ರೆ ಅಧಿಸೂಚನೆ ಆಗಿಲ್ಲ, ಆದ್ರೆ ಕಾಡಿನ ಲಕ್ಷಣ ಇದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನಂದ್ರೆ, ಜಾಗ ಯಾರದ್ದೇ ಆಗಿರಲಿ, ಸಾಮಾನ್ಯ ಅರ್ಥದಲ್ಲಿ ಅದು ಕಾಡು ಅನ್ನೋ ಹಾಗಿದ್ರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯ ಆಗತ್ತೆ, ಅಂದ್ರೆ ಕೇಂದ್ರದ ಒಪ್ಪಿಗೆ ಇಲ್ದೆ ಬೇರೆ ಕೆಲಸಕ್ಕೆ ಬಳಸೋ ಹಾಗಿಲ್ಲ. ಆಮೇಲೆ ಪ್ರತಿ ರಾಜ್ಯ ಪಟ್ಟಿ ಮಾಡ್ಬೇಕಾಯ್ತು. ನಮ್ಮಲ್ಲಿ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಅಂತ ಇದ್ದಿದ್ದು 2022ರ ಹೊತ್ತಿಗೆ 3.30 ಲಕ್ಷ ಹೆಕ್ಟೇರ್‌ಗೆ ಇಳೀತು. ಅದರಲ್ಲಿ ಎಷ್ಟೋ ಜಾಗದಲ್ಲಿ ನಿಜವಾಗ್ಲೂ ಊರು, ಶಾಲೆ, ಗದ್ದೆ ಇತ್ತು, ಮಲೆನಾಡಿನ ರೈತರಿಗೆ ದೊಡ್ಡ ತಲೆನೋವು ತಪ್ಪಿತು, ಅದನ್ನ ಒಪ್ಕೋಬೇಕು. ಆದ್ರೆ ಪಟ್ಟಿಯಿಂದ ಬಿಟ್ಟ ಜಾಗದಲ್ಲಿ ಪಟ್ಟಣದ ಪಕ್ಕದ ಗುಡ್ಡ ಯಾವುದಾದ್ರೂ ಇದ್ರೆ ಅದಕ್ಕೆ ಇದ್ದ ಒಂದು ಬೇಲಿನೂ ಹೋಯ್ತು ಅಂತಲೇ ಲೆಕ್ಕ. 2023ರಲ್ಲಿ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದು ಅಧಿಸೂಚನೆ ಆಗಿರೋ ಅಥವಾ ಸರ್ಕಾರಿ ದಾಖಲೆಯಲ್ಲಿ ಕಾಡು ಅಂತ ಬರೆದಿರೋ ಭೂಮಿಗೆ ಮಾತ್ರ ಅನ್ವಯ ಅನ್ನೋ ಹಾಗೆ ಮಾಡಿದ್ರು. ಅದರ ವಿರುದ್ಧ ಕೋರ್ಟಿಗೆ ಹೋದಾಗ 2024ರ ಫೆಬ್ರವರಿಯಲ್ಲಿ, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಿ ಅಂತ ಮಧ್ಯಂತರ ಆದೇಶ ಬಂತು.

ಬೆಟ್ಟ ಅಂದ್ರೆ ಏನು ಅನ್ನೋದಕ್ಕೂ ಇದೇ ಗತಿ ಆಗಿದೆ. ಅರಾವಳಿ ವಿಷಯದಲ್ಲಿ 2025ರ ನವೆಂಬರ್‌ನಲ್ಲಿ ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರ ಇದ್ರೆ ಮಾತ್ರ ಬೆಟ್ಟ ಅನ್ನೋ ವ್ಯಾಖ್ಯಾನವನ್ನ ಸುಪ್ರೀಂ ಕೋರ್ಟ್ ಒಪ್ಕೊಳ್ತು, ಜನ ಬೀದಿಗಿಳಿದ್ರು, ಡಿಸೆಂಬರ್ ಕೊನೆಗೆ ಕೋರ್ಟೇ ಅದನ್ನ ತಡೆಹಿಡೀತು. ಕೋಲಾರ, ಚಿಕ್ಕಬಳ್ಳಾಪುರ ಕಡೆ ಆ ಅಳತೆಗೋಲು ತಗೊಂಡು ಹೊರಟ್ರೆ ನಾವು ಬೆಟ್ಟ, ಗುಟ್ಟೆ ಅಂತ ಕರೆಯೋದರಲ್ಲಿ ಎಷ್ಟು ಉಳೀತಾವೆ ಅಂತ ನಿಮ್ಮ ಕಾಲೇಜ್ ಪ್ರಾಜೆಕ್ಟ್ ಮಾಡಿ ನೋಡಿ, ನಮ್ಗೂ ಕಳ್ಸಿ.

ಪ್ರಶ್ನೆ (ತುಮಕೂರು, ಕಟ್ಟಡ ಗುತ್ತಿಗೆದಾರರು): ಬೆಟ್ಟ ಉಳಿಸಿ ಅಂತ ಬರೆಯೋ ನೀವೂ ಆರ್‌ಸಿಸಿ ಮನೇಲೇ ಇರ್ತೀರಿ. ಜಲ್ಲಿ, ಎಂ-ಸ್ಯಾಂಡ್ ಎಲ್ಲಿಂದ ಬರತ್ತೆ? ಊರು ಬೆಳೀಬೇಕಾ ಬೇಡ್ವಾ?

ಉತ್ತರ: ಒಪ್ಕೊಂಡೆ, ಆರ್‌ಸಿಸಿ ಮನೇಲೇ ಇದೀನಿ. ನದಿ ಮರಳಿಗೆ ಕಡಿವಾಣ ಬಿದ್ದ ಮೇಲೆ ಕಲ್ಲು ಅರೆದು ಮಾಡಿದ ಮರಳು ಬಂತು, ನದಿಗೆ ಒಳ್ಳೇದಾಯ್ತು, ಬೆಟ್ಟಕ್ಕೆ ಕಷ್ಟ ಆಯ್ತು. ಕಲ್ಲು ಎಲ್ಲೂ ತೆಗೀಬಾರದು ಅಂತ ನಾನು ಹೇಳಲ್ಲ. ಯಾವ ಬೆಟ್ಟದ್ದು ತೆಗೀಬಾರದು ಅನ್ನೋದು ಮೊದಲೇ ತೀರ್ಮಾನ ಆಗಿರ್ಬೇಕು ಅಂತೀನಿ. ನಂದಿ ಬೆಟ್ಟದ ಸಾಲು ನೋಡಿ, ಅರ್ಕಾವತಿ, ಉತ್ತರ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ, ಇಷ್ಟೂ ನದಿ ಆ ಒಂದು ಸಾಲಿನ ಸುತ್ತಮುತ್ತ ಹುಟ್ಟೋದು. ಅಲ್ಲಿ ಬಂಡೆ ಮೇಲೆ ಬಿದ್ದ ಮಳೆ ಸೀಳುಗಳಲ್ಲಿ ಇಳಿದು, ಬುಡದ ಮಣ್ಣಲ್ಲಿ ಇಂಗಿ, ಉಳಿದಿದ್ದು ಹಳ್ಳ ಹಿಡಿದು ಕೆರೆಗೆ ಹೋಗತ್ತೆ. ಬುಡದಲ್ಲೇ ಕ್ವಾರಿ, ಬುಡದಲ್ಲೇ ರೆಸಾರ್ಟು, ಬುಡದಲ್ಲೇ ಲೇಔಟು ಅಂದ್ರೆ ನೀರು ಇಂಗೋ ಜಾಗವೇ ಹೋಯ್ತು, ತುದಿಯಲ್ಲಿ ಎಷ್ಟು ಹಸಿರಿದ್ರೂ ಕೆಳಗಿನ ಬೋರ್‌ವೆಲ್ಲಿಗೆ ಬರೋದು ಕಮ್ಮಿನೇ. ಅಲ್ಲೂ 2021ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಮೇಲೆ ಹೋಗೋ ರಸ್ತೆ ಕಿತ್ತು ಹೋಗಿತ್ತು.

ಊರು ಬೆಳೀಲಿ ಸ್ವಾಮಿ, ನೀವೇ ಕಟ್ಟಿ. ಆದ್ರೆ ನೀವು ಗುತ್ತಿಗೆದಾರರು, ನಿಮಗೇ ಚೆನ್ನಾಗಿ ಗೊತ್ತಿರತ್ತೆ, ಇಳಿಜಾರಲ್ಲಿ ಕಟ್ಟೋಕೆ ಸಮತಟ್ಟು ಜಾಗಕ್ಕಿಂತ ಎಷ್ಟು ಜಾಸ್ತಿ ಖರ್ಚು ಅಂತ, ಫೌಂಡೇಶನ್ನು, ತಡೆಗೋಡೆ, ಪಂಪು ಹಚ್ಚಿ ನೀರು ಏರಿಸೋದು, ಎಲ್ಲಾ. ಆದ್ರೂ ಯಾಕೆ ಅಲ್ಲೇ ಕಟ್ತಾರೆ ಅಂದ್ರೆ ಜಾಗ ಅಗ್ಗಕ್ಕೆ ಸಿಕ್ಕಿರತ್ತೆ, ವ್ಯೂ ದುಬಾರಿಗೆ ಮಾರಾಟ ಆಗತ್ತೆ. 20,000 ಚದರ ಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಕಟ್ಟೋ ಪ್ರಾಜೆಕ್ಟಿಗೆ ಪರಿಸರ ಅನುಮತಿ ಬೇಕು, ಅದಕ್ಕೇ ಒಂದೇ ಪ್ರಾಜೆಕ್ಟನ್ನ ಮೂರು ಫೇಸ್ ಮಾಡಿ ಮೂರು ಕಂಪನಿ ಹೆಸರಲ್ಲಿ ತೋರಿಸೋ ಕಲೆ ನಿಮ್ಮ ಫೀಲ್ಡಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ.

ಪ್ರಶ್ನೆ (ಬೆಂಗಳೂರು): ನಮ್ಮ ಆಫೀಸ್ ಟೀಮ್ ಕಡೆಯಿಂದ ಒಂದು ಬೋಳು ಗುಡ್ಡದ ಮೇಲೆ ಸಸಿ ನೆಡೋ ಪ್ಲ್ಯಾನ್ ಇದೆ. ಯಾವ ಸಸಿ ಒಳ್ಳೇದು?

ಉತ್ತರ: ಯಾವುದೂ ಬೇಡ. ಅದು ಬೋಳು ಅಲ್ಲ, ಹುಲ್ಲು, ಬಂಡೆ, ಕುರುಚಲು, ಅದೇ ಅದರ ಕಾಡು. ರಾಮನಗರದ ರಾಮದೇವರ ಬೆಟ್ಟ ನೋಡಿ, ಬಂಡೆನೇ ಜಾಸ್ತಿ, ಆ ಬಂಡೆ ಸಂದಿಯಲ್ಲಿ ಗೂಡು ಕಟ್ಟೋ ರಣಹದ್ದಿಗೋಸ್ಕರ 2012ರಲ್ಲಿ ಅದನ್ನ ರಣಹದ್ದು ಧಾಮ ಮಾಡಿದ್ರು. ಇಳಿಜಾರಲ್ಲಿ ಗುಂಡಿ ತೋಡಿದ್ರೆ ಮಣ್ಣು ಸಡಿಲ ಆಗತ್ತೆ ಅಷ್ಟೇ. ಬೇಸಿಗೆಯಲ್ಲಿ ಬೆಂಕಿ ಬೀಳದ ಹಾಗೆ ನೋಡ್ಕೊಳ್ಳೋಕೆ ಅರಣ್ಯ ಇಲಾಖೆಗೆ ಕೈಜೋಡಿಸಿ, ಲಂಟಾನ ಕೀಳೋಕೆ ಹೋಗಿ. ಫೋಟೋ ಅಷ್ಟು ಚೆನ್ನಾಗಿ ಬರಲ್ಲ, ಏನ್ ಮಾಡೋದು.

ಪ್ರಶ್ನೆ (ದಾವಣಗೆರೆ): ನಮ್ಮೂರ ಗುಡ್ಡಕ್ಕೆ ರಾತ್ರಿ ಹೊತ್ತು ಹಿಟಾಚಿ ಹತ್ತಿಸ್ತಿದಾರೆ. ನಾವು ನಾಲ್ಕೈದು ಜನ ಇದೀವಿ, ದುಡ್ಡಿಲ್ಲ, ಲಾಯರ್ ಇಲ್ಲ. ಎಲ್ಲಿಂದ ಶುರು ಮಾಡೋದು? ಪ್ರತಿಭಟನೆ ಮಾಡಿದ್ರೆ ಏನಾದ್ರೂ ಆಗತ್ತಾ?

ಉತ್ತರ: ಪ್ರತಿಭಟನೆಗೆ ಮೊದಲು ಸರ್ವೆ ನಂಬರ್. ಅದು ಗೊತ್ತಿಲ್ದೆ ಯಾರಿಗೆ ದೂರು ಕೊಟ್ರೂ ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಚೆಂಡು ತಳ್ತಾರೆ. ನಂಬರ್ ಸಿಕ್ಕ ಮೇಲೆ ಒಂದೇ ದೂರನ್ನ ತಹಶೀಲ್ದಾರ್, ವಲಯ ಅರಣ್ಯಾಧಿಕಾರಿ, ಗಣಿ ಮತ್ತು ಭೂವಿಜ್ಞಾನ ಇಲಾಖೆ ಮೂವರಿಗೂ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ರಾತ್ರಿ ಹೋಗಿ ಡ್ರೈವರ್ ಜೊತೆ ಜಗಳಕ್ಕೆ ನಿಲ್ಲಬೇಡಿ, ದೂರದಿಂದ ದಿನಾಂಕ, ಜಾಗ ಕಾಣೋ ಹಾಗೆ ಫೋಟೋ ಸಾಕು. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ, ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಜಾಸ್ತಿ ಜನ ಇಲ್ಲೇ ಎಡವೋದು, ಊರಿನ ಇತಿಹಾಸ ಎಲ್ಲಾ ಬರೆದು ಕೊನೇಲಿ ಕ್ರಮ ಕೈಗೊಳ್ಳಿ ಅಂತಾರೆ. ಕ್ರಮ ಕೇಳ್ಬೇಡಿ, ಪ್ರತಿ ಕೇಳಿ: ಈ ಸರ್ವೆ ನಂಬರಿಗೆ ಕೊಟ್ಟ ಗಣಿ ಗುತ್ತಿಗೆ ಪ್ರತಿ, ಪರಿವರ್ತನೆ ಆದೇಶದ ಪ್ರತಿ, ಸರ್ವೆ ನಕ್ಷೆ ಪ್ರತಿ. 30 ದಿನದಲ್ಲಿ ಉತ್ತರ ಕೊಡ್ಬೇಕು, ಅಂಥದ್ದು ಇಲ್ಲ ಅಂತ ಬರೆದು ಕೊಟ್ರೆ ಅದೇ ನಿಮ್ಮ ದೊಡ್ಡ ಸಾಕ್ಷಿ.

ಅಲ್ಲಿಂದ ಮುಂದೆ ಹಸಿರು ನ್ಯಾಯಮಂಡಳಿ, ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ. ಲಾಯರ್ ಇರಲೇಬೇಕು ಅಂತಿಲ್ಲ, ಪರಿಹಾರ ಕೇಳದೇ ಇರೋ ಅರ್ಜಿಗೆ ಶುಲ್ಕ 1,000 ರೂಪಾಯಿ. ಆದ್ರೆ ಎರಡು ವಿಷಯ ನೆನಪಿರ್ಲಿ. ತೊಂದರೆ ಮೊದಲು ಶುರುವಾದ ದಿನದಿಂದ 6 ತಿಂಗಳ ಒಳಗೆ ಹೋಗ್ಬೇಕು, ಸರಿಯಾದ ಕಾರಣ ಇದ್ರೆ ಇನ್ನೊಂದು 60 ದಿನ ಸಿಗತ್ತೆ, ಅಷ್ಟೇ. ಮತ್ತೆ ಆ ಮಂಡಳಿ ಕೇಳೋದು 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಪರಿಸರ ಸಂರಕ್ಷಣಾ ಕಾಯ್ದೆ, ಜೀವವೈವಿಧ್ಯ ಕಾಯ್ದೆ ಇಂಥ ಕೆಲವೇ ಕಾಯ್ದೆಗಳ ವಿಷಯ. ವನ್ಯಜೀವಿ ಕಾಯ್ದೆ ಅದರ ಪಟ್ಟಿಯಲ್ಲಿಲ್ಲ, ಅದಕ್ಕೆ ಹೈಕೋರ್ಟೇ ದಾರಿ.

ಪ್ರತಿಭಟನೆಯಿಂದ ಏನಾದ್ರೂ ಆಗತ್ತಾ ಅಂದ್ರಲ್ಲ, ಗದಗ ಜಿಲ್ಲೆ ಕಪ್ಪತಗುಡ್ಡ ಇದೆ. ಅಲ್ಲಿನ ಹೋರಾಟ ದೊಡ್ಡದು, ಮಠದ ಸ್ವಾಮಿಗಳಿಂದ ಹಿಡಿದು ರೈತರ ತನಕ ಎಲ್ಲಾ ನಿಂತಿದ್ರು. 2015ರಲ್ಲಿ ಸಂರಕ್ಷಿತ ಮೀಸಲು ಅಂತ ಘೋಷಣೆ ಆಯ್ತು, 2016ರಲ್ಲಿ ಸರ್ಕಾರ ಅದನ್ನ ವಾಪಸ್ ತಗೊಳ್ತು, ಜನ ಮತ್ತೆ ಎದ್ರು, 2017ರಲ್ಲಿ ಮತ್ತೆ ಘೋಷಣೆ, 2019ರಲ್ಲಿ 244.15 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯ್ತು. ನೋಡಿ, ಗೆದ್ದಿದ್ದು ಮರುವರ್ಷವೇ ಕೈತಪ್ಪಿತ್ತು, ಸನ್ಮಾನ ಮುಗಿಸ್ಕೊಂಡು ಮನೆಗೆ ಹೋಗಿದ್ರೆ ಅಲ್ಲಿಗೇ ಮುಗೀತಿತ್ತು. ಬೆಂಗಳೂರಿನ ತುರಹಳ್ಳಿ ಕಾಡಿನ ವಿಷಯ ಇನ್ನೂ ಮಜಾ, 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡೋಕೆ ಹೊರಟಿದ್ದು ಅರಣ್ಯ ಇಲಾಖೆನೇ, ಕಾಡಲ್ಲಿ ಪಾರ್ಕ್ ಯಾಕೆ ಅಂತ ಸುತ್ತಲಿನ ಜನ ಬಂದು ನಿಂತ್ರು, ಕೈಬಿಟ್ರು.

ಪ್ರಶ್ನೆ (ಹುಬ್ಬಳ್ಳಿ): ಬ್ಯಾರೆ ರಾಜ್ಯದಾಗ, ಬ್ಯಾರೆ ದೇಶದಾಗ ಇದಕ್ಕ ಏನರ ಒಳ್ಳೆ ದಾರಿ ಹುಡುಕ್ಯಾರೇನ್ರಿ?

ಉತ್ತರ: ಪುಣೆಯೋರು ಒಂದು ಮಟ್ಟಿಗೆ ಹುಡುಕಿದಾರೆ. ಅಲ್ಲಿ ಗುಡ್ಡಕ್ಕೆ ಟೇಕಡಿ ಅಂತಾರೆ, ದಿನಾ ಬೆಳಿಗ್ಗೆ ಹತ್ತೋ ಜನ ಸಾವಿರಾರು, ಆ ಜನವೇ ಅದರ ಕಾವಲು. ಇಳಿಜಾರು 1:5ಕ್ಕಿಂತ ಕಡಿದಾಗಿದ್ರೆ, ಅಂದ್ರೆ ಐದು ಮೀಟರ್ ನಡೆಯೋದರಲ್ಲಿ ಒಂದು ಮೀಟರ್‌ಗಿಂತ ಜಾಸ್ತಿ ಏರು ಇದ್ರೆ ಕಟ್ಟೋ ಹಾಗಿಲ್ಲ ಅಂತ ನಿಯಮ ಮಾಡ್ಕೊಂಡ್ರು. ಊರಿಗೆ ಹೊಸದಾಗಿ ಸೇರಿದ 23 ಹಳ್ಳಿಗಳ ಗುಡ್ಡಗಳನ್ನ ಜೀವವೈವಿಧ್ಯ ಉದ್ಯಾನ ಅಂತ ಪ್ಲ್ಯಾನಲ್ಲೇ ಮೀಸಲಿಟ್ರು. ಖಾಸಗಿ ಗುಡ್ಡದ ಮಾಲೀಕರಿಗೆ ಜಾಗ ಬಿಟ್ಟುಕೊಟ್ಟಿದ್ದಕ್ಕೆ ಬೇರೆ ಕಡೆ ಕಟ್ಟೋ ಹಕ್ಕು, ಟಿಡಿಆರ್, ಬಿಟ್ಟ ಜಾಗದ ಶೇಕಡ 8 ಅಂತ ನಿಗದಿ ಆಯ್ತು. ಮಾಲೀಕರಿಗೆ ಅದು ಸಾಲದು, ಪರಿಸರದೋರಿಗೆ ಅದೇ ಜಾಸ್ತಿ, ಎಳೆದಾಟ ನಿಂತಿಲ್ಲ. ಆದ್ರೂ ಖಾಸಗಿ ಗುಡ್ಡಕ್ಕೆ ದುಡ್ಡೂ ಕೊಡದೆ ಹಕ್ಕೂ ಕೊಡದೆ ಬರೀ ಕಟ್ಬೇಡ ಅಂದ್ರೆ ಆ ಮನುಷ್ಯ ಕದ್ದು ಕಟ್ತಾನೆ, ಅದನ್ನ ಅವರು ಅರ್ಥ ಮಾಡ್ಕೊಂಡಿದಾರೆ.

ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಬೇರೆ ಥರ. ಊರಿನ ತಲೆ ಮೇಲಿನ ತಿಜುಕಾ ಬೆಟ್ಟದ ಕಾಡು ಕಡಿದು ಕಾಫಿ ಹಾಕಿದ್ರು, ಕೆಳಗೆ ಕುಡಿಯೋ ನೀರು ಬತ್ತೋಕೆ ಶುರು ಆಯ್ತು. ಸರ್ಕಾರ ತೋಟಗಳನ್ನ ವಾಪಸ್ ತಗೊಂಡು 1861ರಿಂದ ಕಾಡು ಬೆಳೆಸೋಕೆ ಶುರು ಮಾಡ್ತು, ಈಗ ಅದು ರಾಷ್ಟ್ರೀಯ ಉದ್ಯಾನ. ಕಾಫಿ ತೋಟ ಆಗಿದ್ದಕ್ಕೆ ವಾಪಸ್ ಸಿಕ್ತು ಅನ್ನಿ, ಅಪಾರ್ಟ್‌ಮೆಂಟ್ ಆಗಿದ್ರೆ ಸಿಗ್ತಿತ್ತಾ. ನಿಮ್ಮೂರಿನ ಮಾಸ್ಟರ್ ಪ್ಲ್ಯಾನ್ ಕರಡು ಬಂದಾಗ ಗುಡ್ಡಗಳಿಗೆ ಯಾವ ಬಣ್ಣ ಹಚ್ಚಿದಾರೆ ಅಂತ ಮೊದಲು ನೋಡ್ರಿ. ಹಸಿರು ಇದ್ದಿದ್ದು ಹಳದಿ ಆಗಿದ್ರೆ ಅದು ವಸತಿ ವಲಯ ಆಯ್ತು ಅಂತ. ಆಕ್ಷೇಪಣೆಗೆ ಎಷ್ಟು ದಿನ ಇದೆ ಅನ್ನೋದು ಆ ಅಧಿಸೂಚನೆಯಲ್ಲೇ ಇರತ್ತೆ, ಆ ದಿನಗಳಲ್ಲಿ ಕೊಟ್ಟ ಒಂದು ಹಾಳೆ ಆಕ್ಷೇಪಣೆಗೆ ಇರೋ ಬೆಲೆ ಆಮೇಲೆ ಹತ್ತು ವರ್ಷ ಕೋರ್ಟಿಗೆ ಅಲೆದ್ರೂ ಬರಲ್ಲ.

ಪ್ರಶ್ನೆ (ಊರು ಬೇಡ ಅಂದಿದಾರೆ): ನಾನು ಜೆಸಿಬಿ ಆಪರೇಟರ್ ಸರ್. ಓನರ್ ಹೇಳಿದ ಕಡೆ ಹೋಗಿ ಮಣ್ಣು ತೆಗೀತೀನಿ. ಅದು ಫಾರೆಸ್ಟ್ ಜಾಗ ಆಗಿದ್ರೆ ಕೇಸ್ ನನ್ನ ಮೇಲೂ ಬೀಳತ್ತಾ?

ಉತ್ತರ: ಬೀಳತ್ತೆ. ಸ್ಥಳದಲ್ಲಿ ಸಿಗೋದು ನೀವೇ, ಓನರ್ ಅಲ್ಲಿರಲ್ಲ. ಕಾಡಿನ ಕಲ್ಲು ಮಣ್ಣೂ ಅರಣ್ಯ ಕಾಯ್ದೆ ಪ್ರಕಾರ ಅರಣ್ಯ ಉತ್ಪನ್ನವೇ, ಅದನ್ನ ತೆಗೆಯೋಕೆ ಬಳಸಿದ ಗಾಡಿನ ಜಪ್ತಿ ಮಾಡೋ ಅಧಿಕಾರ ಅರಣ್ಯಾಧಿಕಾರಿಗಳಿಗೆ ಇದೆ, ಮುಟ್ಟುಗೋಲು ಆದ್ರೆ ಗಾಡಿ ವಾಪಸ್ ಬರೋದು ಸುಲಭ ಇಲ್ಲ. ಓನರ್ ಹೇಳಿದ್ರು ಅನ್ನೋದು ಅಲ್ಲಿ ನಡೆಯಲ್ಲ. ಕೆಲಸಕ್ಕೆ ಹೋಗೋ ಮುಂಚೆ ಸರ್ವೆ ಸ್ಕೆಚ್ಚು, ಪರ್ಮಿಷನ್ ಆರ್ಡರ್ ಎರಡರ ಫೋಟೋ ವಾಟ್ಸಾಪಲ್ಲಿ ಹಾಕ್ಸಿ, ಕೊಟ್ಟಿಲ್ಲ ಅಂದ್ರೆ ಹೋಗ್ಬೇಡಿ. ಹೋದ ಮೇಲೂ ಬಿಳಿ ಬಣ್ಣ ಬಳಿದ ಗಡಿಕಲ್ಲು, ಅರಣ್ಯ ಇಲಾಖೆ ಕಂದಕ ಕಂಡ್ರೆ ಬಕೆಟ್ ಇಳಿಸೋ ಮುಂಚೆ ಗಾರ್ಡ್‌ಗೆ ಒಂದು ಫೋನ್ ಮಾಡಿ. ರಾತ್ರಿ ಮಾತ್ರ ಬಾ ಅಂತ ಕರೆಯೋ ಕೆಲಸ ಯಾವ ಥರದ್ದು ಅಂತ ನಮಗಿಂತ ನಿಮಗೇ ಚೆನ್ನಾಗಿ ಗೊತ್ತಿರತ್ತೆ.